ಆರ್‌ಸಿ ಬದಲಾದರೂ ಆ್ಯಪ್ ನಂಟು ಬಿಡದು

ಮಾನ್ಯರೇ,

ಈಚಿನ ಅನೇಕ ಕಾರುಗಳಲ್ಲಿ ಇ-ಸಿಮ್ (ಒಳಗೇ ಅಳವಡಿಸಿದ ಸಿಮ್) ಇರುವ ಟೆಲಿಮ್ಯಾಟಿಕ್ಸ್ ಘಟಕ, ಅಂದರೆ ಕಾರಿನ ಮಾಹಿತಿಯನ್ನು ಮೊಬೈಲ್ ಜಾಲದ ಮೂಲಕ ಕಳಿಸುವ ಸಾಧನ, ಕಂಪನಿಯಿಂದಲೇ ಬರುತ್ತದೆ. ಅಪಘಾತವಾದಾಗ ತಾನೇ ಕರೆ ಹೋಗುವುದು, ಕಳುವಾದ ಕಾರು ಪತ್ತೆಯಾಗುವುದು ಇದರಿಂದಲೇ, ಅದು ಬೇಕಾದದ್ದೇ. ಆದರೆ ಕಾರು ಎಲ್ಲಿ ನಿಂತಿದೆ, ಎಷ್ಟು ವೇಗ, ಎಲ್ಲಿ ಜೋರಾಗಿ ಬ್ರೇಕ್ ಹಾಕಿದಿರಿ ಎಂಬುದನ್ನೂ ಅದೇ ಘಟಕ ಕಂಪನಿಯ ಸರ್ವರ್‌ಗೆ ಕಳಿಸಬಲ್ಲದು; ಮಾಲೀಕರು ಕಂಪನಿಯ ಮೊಬೈಲ್ ಆ್ಯಪ್‌ನಲ್ಲಿ ಕಾರಿನ ಮಾಹಿತಿ ನೋಡಬಹುದು.

ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಇದು ನಿಜವಾದ ಅಪಾಯ. ಆರ್‌ಸಿಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಆ್ಯಪ್ ಖಾತೆ ಬದಲಾಗದು. ಹಳೇ ಮಾಲೀಕರು ಖಾತೆ ತೆಗೆಯದಿದ್ದರೆ, ಕೋರಮಂಗಲದಲ್ಲಿ ನಿಲ್ಲಿಸಿದ ನಿಮ್ಮ ಕಾರು ಅವರ ಮೊಬೈಲಿನಲ್ಲಿ ಕಾಣುತ್ತಲೇ ಇರಬಹುದು. ಕೆಲವು ಮಾದರಿಗಳಲ್ಲಿ ಬಾಗಿಲ ಲಾಕ್ ಕೂಡ ತೆರೆಯಬಹುದು. ಮಾರುವವರು ಮೊದಲು ಆ್ಯಪ್‌ನಿಂದ ಕಾರನ್ನು ತೆಗೆದುಹಾಕಿ, ಆಮೇಲೆ ಕಾರಿನ ಪರದೆಯ ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಬೇಕು. ಬರೀ ರೀಸೆಟ್ ನಂಬಬೇಡಿ: ಅದರಿಂದ ಕಾರಿನಲ್ಲುಳಿದ ಫೋನ್‌ಬುಕ್, ಮನೆ ವಿಳಾಸ ಅಳಿಯಬಹುದು, ಸರ್ವರ್‌ನಲ್ಲಿರುವ ನೋಂದಣಿ ಹಾಗೇ ಉಳಿಯಬಹುದು. ಕೊಳ್ಳುವವರು ಪೂರ್ತಿ ಹಣ ಕೊಡುವ ಮುನ್ನವೇ ತಮ್ಮ ಮೊಬೈಲ್ ನಂಬರಿಗೆ ಆ್ಯಪ್ ನೋಂದಣಿ ಮಾಡಿಸಿಕೊಳ್ಳಲಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆ ಹಿಂಪಡೆಯುವ, ಮಾಹಿತಿ ಅಳಿಸಲು ಕೇಳುವ ಹಕ್ಕಿದೆ. ಆದರೆ ಕೊಂಡವರಿಗೆ ಹಳೇ ಖಾತೆ ಇರುವುದೇ ತಿಳಿಯದಿದ್ದರೆ ಕೇಳುವವರು ಯಾರು? ಆರ್‌ಸಿ ವರ್ಗಾವಣೆಯಾದ ಕೂಡಲೇ ಹಳೇ ಖಾತೆ ರದ್ದಾಗುವಂತೆ ಸಾರಿಗೆ ಇಲಾಖೆ ಕಂಪನಿಗಳಿಗೆ ಸೂಚಿಸಬೇಕು.

– ವಾಹನ ತಂತ್ರಜ್ಞರು, ಬೆಂಗಳೂರು