ಮಗಳ ಕೈಗೆ ಯಾವ ಕಥೆಪುಸ್ತಕ ಕೊಡಬೇಕು: ದಸರಾ ರಜೆಗೆ ಮುನ್ನ ಪೋಷಕರಿಗೆ ಪತ್ರ

ಮಂಡ್ಯ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ದಸರಾ ರಜೆಗೆ ಶಾಲೆ ಮುಚ್ಚುವ ಮುನ್ನ ಮೂರನೆಯ ತರಗತಿಯಿಂದ ಆರನೆಯ ತರಗತಿಯವರೆಗಿನ ಪ್ರತಿ ಮಗುವಿಗೂ ಶಾಲಾ ಗ್ರಂಥಾಲಯದ ಎರಡು ಕಥೆಪುಸ್ತಕಗಳನ್ನು ಕೊಟ್ಟು ಮನೆಗೆ ಕಳುಹಿಸಲಿದ್ದೇವೆ. ಇದಲ್ಲದೆ, ಹಬ್ಬದ ಬಟ್ಟೆಗೆಂದು ಪೇಟೆಗೆ ಹೋದಾಗ ಮಗಳಿಗೆ ಒಂದೆರಡು ಪುಸ್ತಕಗಳನ್ನೂ ಕೊಡಿಸಬೇಕೆಂದಿದ್ದೇವೆ, ಯಾವುದನ್ನು ಕೊಳ್ಳಬೇಕು ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಶಾಲೆಯ ಗೇಟಿನ ಬಳಿ ನಿಂತು ಎರಡು ಮಾತಿನಲ್ಲಿ ಉತ್ತರಿಸಿ ಮುಗಿಸುವ ವಿಷಯ ಇದಲ್ಲವೆಂದು ತೋರಿದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಇದರಲ್ಲಿರುವ ಮಾತುಗಳು ಬಹುಮಟ್ಟಿಗೆ ಗಂಡುಮಕ್ಕಳಿಗೂ ಸಲ್ಲುತ್ತವೆ. ಆದರೂ ಹೆಣ್ಣುಮಕ್ಕಳನ್ನೇ ಮುಂದಿಟ್ಟುಕೊಂಡು ಬರೆಯುವುದಕ್ಕೆ ಕಾರಣವಿದೆ. ಮಗನಿಗೆ ಪುಸ್ತಕ ಕೊಳ್ಳುವಾಗ ಇದು ಅವನಿಗೆ ಹಿಡಿಸುತ್ತದೆಯೇ ಎಂದು ನೋಡುವ ನಾವು, ಮಗಳಿಗೆ ಕೊಳ್ಳುವಾಗ ಇದು ಅವಳಿಗೆ ಏನು ಬುದ್ಧಿ ಹೇಳುತ್ತದೆ ಎಂದು ನೋಡುತ್ತೇವೆ. ಹೀಗಾಗಿ ಸಾಹಸ, ಪತ್ತೇದಾರಿ, ಪ್ರಾಣಿ, ಪ್ರಯಾಣಗಳ ಕಥೆಗಳು ಮಗನ ಪಾಲಿಗೂ ವಿಧೇಯತೆ, ಸಹನೆ, ಮನೆವಾರ್ತೆಗಳ ಕಥೆಗಳು ಮಗಳ ಪಾಲಿಗೂ ಬರುತ್ತವೆ. ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ: ಪುಸ್ತಕ ಕೈಗೆ ತೆಗೆದುಕೊಂಡಾಗ, ಈ ಕಥೆಯಲ್ಲಿರುವ ಹುಡುಗಿ ತಾನೇ ಯೋಚಿಸಿ ಏನನ್ನಾದರೂ ಮಾಡುತ್ತಾಳೆಯೇ ಎಂಬುದನ್ನು ಮೊದಲು ನೋಡಿ. ಅವಳ ನಡತೆ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಆಮೇಲೆ ನೋಡಿದರೆ ಸಾಕು.

ಮೂರು, ನಾಲ್ಕನೆಯ ತರಗತಿಯ ವಯಸ್ಸಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ನಿಮ್ಮ ಮಕ್ಕಳು ಮೂರನೆಯ ತರಗತಿಯವರೆಗೆ ಕಾರ್ಡು, ಹಾಡು, ಚಿತ್ರಗಳ ಮೂಲಕ ಓದಲು ಕಲಿಯುತ್ತಾರೆ. ನಾಲ್ಕಕ್ಕೆ ಬಂದ ಕೂಡಲೇ ಉದ್ದುದ್ದ ಪಾಠಗಳು ಎದುರಾಗುತ್ತವೆ. ಪುಟಕ್ಕೆರಡು ಸಾಲಿನ ಚಿತ್ರಪುಸ್ತಕ ಚಿಕ್ಕಮಕ್ಕಳದ್ದು ಎನಿಸತೊಡಗುತ್ತದೆ. ದೊಡ್ಡವರ ಪುಸ್ತಕದ ದಪ್ಪ ಕಂಡರೆ ಹೆದರಿಕೆಯಾಗುತ್ತದೆ. ಓದುವ ಹವ್ಯಾಸ ಬಿಟ್ಟುಹೋಗುವುದು ಈ ನಡುವಿನ ಜಾಗದಲ್ಲೇ. ಇಲ್ಲಿಗೆ ಬೇಕಾದದ್ದು ಅಧ್ಯಾಯಗಳಾಗಿ ಬಿಡಿಸಿ ಬರೆದ, ನಡುನಡುವೆ ಚಿತ್ರವಿರುವ, ನಾಲ್ಕೈದು ಪುಟಕ್ಕೊಂದು ನಿಲುಗಡೆ ಸಿಗುವ ಕಥೆಪುಸ್ತಕ. ಒಂದು ಅಧ್ಯಾಯ ಓದಿ ಮುಚ್ಚಿಟ್ಟು ಮರುದಿನ ಮುಂದುವರಿಸುವ ಮಗು, ನಿನ್ನೆ ಯಾರು ಎಲ್ಲಿದ್ದರು, ಯಾಕೆ ಸಿಟ್ಟಾಗಿದ್ದರು ಎಂಬುದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕಾಗುತ್ತದೆ. ಇದು ಬಹಳ ದೊಡ್ಡ ಸಾಮರ್ಥ್ಯ. ಸಮಾಜ ವಿಜ್ಞಾನದ ಪಾಠವನ್ನೋ ಗಣಿತದ ಲೆಕ್ಕದ ವಿವರಣೆಯನ್ನೋ ಅರ್ಥಮಾಡಿಕೊಳ್ಳಲು ಬೇಕಾಗುವುದೂ ಇದೇ ಸಾಮರ್ಥ್ಯ.

ಪುಸ್ತಕ ಮಗಳ ಮಟ್ಟಕ್ಕೆ ಸರಿಯಿದೆಯೇ ಎಂದು ತಿಳಿಯಲು ರಕ್ಷಾಪುಟದ ಮೇಲೆ ಅಚ್ಚಾದ ವಯಸ್ಸನ್ನು ನಂಬಿ ಕೂರಬೇಡಿ. ಅಂಗಡಿಯಲ್ಲೇ ನಡುವಿನ ಒಂದು ಪುಟ ತೆರೆದು ಅವಳಿಂದ ಗಟ್ಟಿಯಾಗಿ ಓದಿಸಿ. ಅರ್ಥವಾಗದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚಲಿ. ಪುಟ ಮುಗಿಯುವುದರೊಳಗೆ ಐದೂ ಬೆರಳು ಮಡಚಿಹೋದರೆ ಆ ಪುಸ್ತಕ ಇನ್ನೊಂದು ವರ್ಷ ಕಾಯಲಿ. ಕನ್ನಡ ಪುಸ್ತಕಗಳಲ್ಲಿ ಇನ್ನೂ ಕೆಲವನ್ನು ಗಮನಿಸಬೇಕು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುವಷ್ಟು ಇಕ್ಕಟ್ಟಾಗಿ ಅಚ್ಚು ಮಾಡಿದ್ದರೆ ಎಂಟು ವರ್ಷದ ಮಗುವಿನ ಕಣ್ಣು ಬೇಗ ಸೋಲುತ್ತದೆ. ಸಂಧಿ, ಸಮಾಸಗಳಿಂದ ತುಂಬಿದ ಗ್ರಾಂಥಿಕ ಭಾಷೆಯ ಪುಸ್ತಕಗಳಲ್ಲಿ ಕಥೆ ಚೆನ್ನಾಗಿದ್ದರೂ ಮಗು ಪದಗಳಲ್ಲೇ ಸಿಕ್ಕಿಕೊಳ್ಳುತ್ತದೆ. ಅವಸರದಲ್ಲಿ ಅನುವಾದಿಸಿದ ಪುಸ್ತಕಗಳಲ್ಲಿ ಅಮ್ಮ ಮಗಳು ಮಾತಾಡುವ ರೀತಿಯೇ ನಮ್ಮ ಮನೆಯ ಮಾತಿನಂತಿರುವುದಿಲ್ಲ. ನೀವೇ ಒಂದು ಸಂಭಾಷಣೆಯನ್ನು ಗಟ್ಟಿಯಾಗಿ ಓದಿ ನೋಡಿದರೆ ಗೊತ್ತಾಗುತ್ತದೆ. ಧಾರವಾಡದ ಕಡೆಯ ಅಥವಾ ಕರಾವಳಿಯ ಆಡುಮಾತಿನಲ್ಲಿರುವ ಕಥೆಗಳನ್ನು ಮಾತ್ರ ಬೇಡವೆನ್ನಬೇಡಿ. ಮೊದಲ ಅಧ್ಯಾಯವನ್ನು ದೊಡ್ಡವರು ಯಾರಾದರೂ ಓದಿ ಹೇಳಿದರೆ ಉಳಿದದ್ದಕ್ಕೆ ಮಕ್ಕಳ ಕಿವಿ ತಾನಾಗಿ ಹೊಂದಿಕೊಳ್ಳುತ್ತದೆ.

ಇನ್ನು ಕಥೆಯೊಳಗಿನ ಹುಡುಗಿಯ ವಿಷಯ. ಮಕ್ಕಳಿಗೆಂದು ಬರೆದ ಎಷ್ಟೋ ಕಥೆಗಳಲ್ಲಿ ಅಣ್ಣ ಮರ ಹತ್ತುತ್ತಾನೆ, ತಂಗಿ ಕೆಳಗೆ ನಿಂತು ಹಣ್ಣು ಆಯುತ್ತಾಳೆ. ಅಣ್ಣ ಕಳ್ಳನನ್ನು ಹಿಡಿಯುತ್ತಾನೆ, ತಂಗಿ ಓಡಿಹೋಗಿ ಅಪ್ಪನಿಗೆ ತಿಳಿಸುತ್ತಾಳೆ. ಬೆಳ್ಳಗಿರುವವಳು ಒಳ್ಳೆಯವಳು, ಕಪ್ಪಗಿರುವವಳು ಹೊಟ್ಟೆಕಿಚ್ಚಿನವಳು ಎಂಬಂಥ ವರ್ಣನೆಗಳು ಇಂದಿಗೂ ಅಚ್ಚಾಗುತ್ತಿವೆ. ಗದ್ದೆ ಕೆಲಸದ ಬಿಸಿಲಿನಲ್ಲಿ ಬೆಳೆದ ನಮ್ಮ ಮಕ್ಕಳು ಇದನ್ನು ಓದಿದಾಗ ತಮ್ಮ ಬಗ್ಗೆ ಏನೆಂದುಕೊಳ್ಳುತ್ತಾರೆ ಎಂಬುದನ್ನು ದಯವಿಟ್ಟು ಯೋಚಿಸಿ. ಅಂಥ ಪುಸ್ತಕ ಮನೆಯಲ್ಲಿದ್ದರೆ ಕಿತ್ತು ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಈ ಹುಡುಗಿ ಯಾಕೆ ಸುಮ್ಮನೆ ನಿಂತಳು, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದರೆ ಆ ಕಥೆಯೂ ಉಪಯೋಗಕ್ಕೆ ಬರುತ್ತದೆ. ಆದರೆ ಹಣ ಕೊಟ್ಟು ಹೊಸದಾಗಿ ತರುವಾಗ, ಹುಡುಗಿ ಪ್ರಶ್ನೆ ಕೇಳುವ, ತಪ್ಪು ಮಾಡುವ, ಸಿಟ್ಟಾಗುವ, ಹೆದರಿಯೂ ಮುಂದೆ ಹೋಗುವ ಕಥೆಗಳನ್ನು ತನ್ನಿ. ಯಾವ ತಪ್ಪನ್ನೂ ಮಾಡದ ಹುಡುಗಿಯ ಕಥೆಯಿಂದ ಮಕ್ಕಳಿಗೆ ಸಿಗುವುದು ಬಹಳ ಕಡಿಮೆ.

ಒಂದು ಪುಸ್ತಕದ ಹೆಸರನ್ನಾದರೂ ಹೇಳಿ ಎನ್ನುವವರಿಗೆ, ಜಪಾನಿನಲ್ಲಿ 1981ರಲ್ಲಿ ಪ್ರಕಟವಾಗಿ ಕನ್ನಡಕ್ಕೂ ಬಂದಿರುವ ‘ತೊತ್ತೋಚಾನ್’ ಅನ್ನು ಸೂಚಿಸುತ್ತೇನೆ. ಅಧ್ಯಾಯಗಳು ಚಿಕ್ಕಚಿಕ್ಕವು, ಒಂದೊಂದೂ ಒಂದು ಪುಟ್ಟ ಘಟನೆ. ಒಂದನೆಯ ತರಗತಿಯಲ್ಲೇ ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿ, ರೈಲು ಬೋಗಿಗಳಲ್ಲಿ ತರಗತಿ ನಡೆಸುವ ಇನ್ನೊಂದು ಶಾಲೆಗೆ ಸೇರಿ ಸಂತೋಷದಿಂದ ಕಲಿಯುತ್ತಾಳೆ. ಐದನೆಯ ತರಗತಿಯವರು ತಾವೇ ಓದಬಲ್ಲರು, ನಾಲ್ಕರವರಿಗೆ ಸ್ವಲ್ಪ ನೆರವು ಬೇಕಾದೀತು. ಇನ್ನೂ ಉದ್ದದ ಕಥೆಗೆ ಸಿದ್ಧರಾಗದ ಮಕ್ಕಳಿಗೆ ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ ಒಳ್ಳೆಯದು. ತಿಂಗಳಿಗೊಂದರಂತೆ ಹನ್ನೆರಡು ಸಂಪುಟಗಳಲ್ಲಿ ವರ್ಷದ ಪ್ರತಿ ದಿನಕ್ಕೂ ಒಂದು ಕಥೆಯಿದೆ. ಮೈಸೂರಿನಲ್ಲಿ ವೈದ್ಯಕೀಯ ಓದಿ ವೈದ್ಯೆಯಾದ ಹೆಣ್ಣುಮಗಳೊಬ್ಬರು ಇವನ್ನು ಬರೆದರೆಂದು ಮಕ್ಕಳಿಗೆ ಹೇಳಿ. ಬರೆದವರು ಯಾರು ಎಂದು ತಿಳಿದರೆ ಪುಸ್ತಕ ಅವರಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ಹಾಗೆ ಹೇಳುವಾಗ ನಂಜನಗೂಡಿನ ತಿರುಮಲಾಂಬ ಅವರನ್ನೂ ನೆನಪಿಸಿಕೊಳ್ಳಿ ಎಂಬುದು ನನ್ನ ಆಸೆ. 1887ರಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲೇ ಮದುವೆಯಾಯಿತು, ಹದಿಹರೆಯದಲ್ಲೇ ಗಂಡ ತೀರಿಹೋದರು. ಮನೆಯಲ್ಲಿ ತಂದೆಯವರ ಬೆಂಬಲದಿಂದ ಓದು ಮುಂದುವರಿಸಿ, ಕಾದಂಬರಿಗಳನ್ನು ಬರೆದು, 1913ರಲ್ಲಿ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನೇ ಆರಂಭಿಸಿ, ಆಮೇಲೆ ಹೆಂಗಸರಿಗಾಗಿ ಪತ್ರಿಕೆಯನ್ನೂ ನಡೆಸಿದರು. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿಯವರ ಹೆಸರಿನ ಬಾಲಕಿಯರ ಶಾಲೆ ತೆರೆದಿದ್ದರೂ ಹೆಚ್ಚಿನ ಮನೆಗಳಲ್ಲಿ ಹೆಣ್ಣುಮಗು ಅಕ್ಷರ ಕಲಿಯುವುದೇ ಅನಗತ್ಯವೆಂದುಕೊಂಡಿದ್ದ ಕಾಲವದು. ಒಬ್ಬ ತಂದೆ ಮನೆಯಲ್ಲಿ ಪುಸ್ತಕ ಒದಗಿಸಿದ್ದರಿಂದ ಎಷ್ಟು ದೂರ ಹೋಗಲು ಸಾಧ್ಯವಾಯಿತು ಎಂಬುದು ನಮ್ಮ ಈ ಸೀಮೆಯಲ್ಲೇ ನಡೆದ ಸಂಗತಿ. ತಂದೆಯವರು ಈ ಭಾಗವನ್ನು ಇನ್ನೊಮ್ಮೆ ಓದಬೇಕೆಂದು ವಿನಂತಿಸುತ್ತೇನೆ. ಮಕ್ಕಳ ಪುಸ್ತಕವೆಂದರೆ ತಾಯಿಯ ಜವಾಬ್ದಾರಿ ಎಂದು ಬಿಟ್ಟುಬಿಡುವುದು ಸರಿಯಲ್ಲ.

ಮನೆಯಲ್ಲಿ ಅಜ್ಜಿಯರಿದ್ದರೆ ಅವರು ಹೇಳುವ ಕಥೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೈಸೂರಿನಲ್ಲಿ ಹುಟ್ಟಿ ಕನ್ನಡದ ಜನಪದ ಕಥೆಗಳನ್ನು ಹಲವು ವರ್ಷ ಸಂಗ್ರಹಿಸಿದ ಎ.ಕೆ. ರಾಮಾನುಜನ್ ಅವರು ಒಂದು ಮುಖ್ಯ ಸಂಗತಿಯನ್ನು ಗುರುತಿಸಿದರು. ರಾಜಕುಮಾರನ ಕಥೆ ಸಾಮಾನ್ಯವಾಗಿ ಮದುವೆಯಲ್ಲಿ ಮುಗಿಯುತ್ತದೆ. ಹೆಂಗಸರು ಹೇಳುವ ಹೆಂಗಸರ ಕಥೆಗಳಲ್ಲಿ ಮದುವೆ ಮೊದಲೇ ಆಗಿಹೋಗಿ, ಕಷ್ಟಗಳು ಅಲ್ಲಿಂದ ಆರಂಭವಾಗುತ್ತವೆ. ಅವನ್ನು ದಾಟುವವಳು ನಾಯಕಿಯೇ. ಅಂದರೆ ತಾನೇ ಯೋಚಿಸಿ ನಡೆಯುವ ಹೆಣ್ಣು ಎಲ್ಲೋ ಹೊರಗಿನಿಂದ ಬಂದ ಹೊಸ ಕಲ್ಪನೆಯಲ್ಲ, ನಮ್ಮ ಹಟ್ಟಿಯ ಜಗುಲಿಗಳಲ್ಲಿ ಹೇಳುತ್ತ ಬಂದ ಕಥೆಗಳಲ್ಲಿ ಇದ್ದವಳೇ. ಮಗಳು ಅಜ್ಜಿಯ ಕಥೆಯೊಂದನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಅಧ್ಯಾಯಗಳಾಗಿ ಬರೆದು ತಂದರೆ ಅದನ್ನೂ ಗ್ರಂಥಾಲಯದ ಕಪಾಟಿನಲ್ಲಿ ಇಡುತ್ತೇವೆ.

ಸಾಧಕಿಯರ ಜೀವನಚರಿತ್ರೆಗಳನ್ನು ಬಹಳ ಮಂದಿ ಕೊಳ್ಳುತ್ತೀರಿ, ಸಂತೋಷ. ಹುಟ್ಟಿದ ಇಸವಿ, ಪಡೆದ ಪದವಿ, ಪ್ರಶಸ್ತಿಗಳ ಪಟ್ಟಿಯಷ್ಟೇ ಇರುವವನ್ನು ಬಿಟ್ಟು, ಬಾಲ್ಯವನ್ನೂ ಎದುರಿಸಿದ ವಿರೋಧವನ್ನೂ ಬಿಡಿಸಿ ಹೇಳುವವನ್ನು ಆರಿಸಿ. ಸಾವಿತ್ರಿಬಾಯಿ ಫುಲೆ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಹೊರಟಾಗ ದಾರಿಯಲ್ಲಿ ಜನ ಸಗಣಿ ಎರಚಿದ್ದು, ಅವರು ಇನ್ನೊಂದು ಸೀರೆಯನ್ನು ಜೊತೆಗೇ ಒಯ್ಯುತ್ತಿದ್ದದ್ದು ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ.

ಐದು, ಆರನೆಯ ತರಗತಿಯ ಹುಡುಗಿಯರ ತಾಯಂದಿರಿಗೆ ಒಂದು ಮಾತು. ಈ ವಯಸ್ಸಿನಲ್ಲೇ ಕೆಲವರು ಮೈನೆರೆಯುತ್ತಿದ್ದಾರೆ. ದೇಹದ ಬದಲಾವಣೆಯನ್ನು ಹೆದರಿಸದೆ, ನಾಚಿಕೆಪಡಿಸದೆ ತಿಳಿಸುವ ಸಚಿತ್ರ ಪುಸ್ತಕವನ್ನು ಆ ದಿನ ಬರುವ ಮೊದಲೇ ಮಗಳೊಂದಿಗೆ ಕೂತು ಓದಿ. ಸಂಕೋಚವಾದರೆ ನಮ್ಮ ಶಿಕ್ಷಕಿಯರ ಬಳಿ ಬನ್ನಿ, ನೆರವಾಗುತ್ತಾರೆ.

ಇಂಗ್ಲಿಷ್ ಬರಲಿ ಎಂಬ ಕಾರಣಕ್ಕೆ ಇಂಗ್ಲಿಷ್ ಕಥೆಪುಸ್ತಕಗಳನ್ನೇ ಕೊಳ್ಳುವವರಿದ್ದೀರಿ. ಆ ಅಪೇಕ್ಷೆ ತಪ್ಪಲ್ಲ. ಆದರೆ ಕನ್ನಡದಲ್ಲಿ ಓದುವ ಮಟ್ಟಕ್ಕಿಂತ ಎರಡು ಮೆಟ್ಟಿಲು ಕೆಳಗಿನ ಇಂಗ್ಲಿಷ್ ಪುಸ್ತಕ ಆರಿಸಿ, ಜೊತೆಗೆ ಕನ್ನಡದ್ದೊಂದು ಇರಲಿ.

ಹಣದ ವಿಷಯದಲ್ಲಿ ಚಿಂತೆ ಬೇಡ. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿ ನೂರಾರು ಕನ್ನಡ ಕಥೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿವೆ. ಮೊಬೈಲಿನಲ್ಲಿ ಓದಿಸುವುದಾದರೆ ದೊಡ್ಡವರು ಪಕ್ಕದಲ್ಲಿರಿ. ಎಲ್ಲಕ್ಕಿಂತ ಹತ್ತಿರದ್ದು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರವೆಂದು ಕರೆಯುವುದು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಅಲ್ಲಿ ಗಂಡಸರು ದಿನಪತ್ರಿಕೆ ಓದುತ್ತ ಕೂತಿರುತ್ತಾರೆಂದು ಹೆಣ್ಣುಮಕ್ಕಳು ಒಳಗೆ ಹೋಗಲು ಹಿಂಜರಿಯುತ್ತಾರೆ. ಮೊದಲ ಒಂದೆರಡು ಸಲ ತಾಯಿಯೋ ತಂದೆಯೋ ಜೊತೆಗೆ ಹೋಗಿ ಕೂತರೆ ಆ ಹಿಂಜರಿಕೆ ಹೋಗುತ್ತದೆ.

ಎಷ್ಟು ಒಳ್ಳೆಯ ಪುಸ್ತಕ ಆರಿಸಿದರೂ ಓದಲು ಸಮಯ ಸಿಗದಿದ್ದರೆ ಏನೂ ಆಗುವುದಿಲ್ಲ. ರಜೆ ಬಂದಿತೆಂದರೆ ಪಾತ್ರೆ ತೊಳೆಯುವುದು, ತಮ್ಮತಂಗಿಯರನ್ನು ನೋಡಿಕೊಳ್ಳುವುದು, ಹಬ್ಬದ ಸುಣ್ಣಬಣ್ಣ, ಬೊಂಬೆ ಕೂರಿಸುವ ಮನೆಗಳಲ್ಲಿ ಅದರ ಸಿದ್ಧತೆ, ಇವೆಲ್ಲ ಹುಡುಗಿಯರ ಮೇಲೆ ಬೀಳುತ್ತವೆ. ಅದೇ ವಯಸ್ಸಿನ ಹುಡುಗರು ನಾಲೆಯ ಏರಿಯ ಮೇಲೆ ಆಡುತ್ತಿರುತ್ತಾರೆ. ಮನೆಯ ಕಷ್ಟಸುಖ ನನಗೆ ತಿಳಿಯದ್ದಲ್ಲ. ಕಬ್ಬು ಕಡಿಯುವ ಕೂಲಿಗೆ ಇಬ್ಬರೂ ಹೋಗುವ ಮನೆಯಲ್ಲಿ ದೊಡ್ಡ ಮಗಳೇ ಆಸರೆ. ಆದರೂ ದಿನಕ್ಕೆ ಅರ್ಧ ಗಂಟೆ ಅವಳನ್ನು ಯಾರೂ ಕರೆಯದಂತೆ ಬಿಟ್ಟುಬಿಡಿ, ಆ ಹೊತ್ತಿನ ಕೆಲಸವನ್ನು ಅಣ್ಣತಮ್ಮಂದಿರಿಗೆ ಹಂಚಿ. ಅವಳು ಕಥೆ ಓದುತ್ತ ಕೂತಾಗ ಸುಮ್ಮನೆ ಕೂತಿದ್ದಾಳೆ ಎನ್ನಬೇಡಿ. ಸರಸ್ವತಿ ಪೂಜೆಗೆ ಪಠ್ಯಪುಸ್ತಕಗಳನ್ನು ಇಟ್ಟ ದಿನವೂ ಕಥೆಪುಸ್ತಕ ಅವಳ ಬಳಿ ಇರಲಿ.

ನಿಮಗೆ ಓದು ಬರುವುದಿಲ್ಲವೆಂದು ಹಿಂದೆ ಸರಿಯುವ ಅಗತ್ಯವಿಲ್ಲ. ರಾತ್ರಿ ಊಟವಾದ ಮೇಲೆ ಮಗಳು ಒಂದು ಅಧ್ಯಾಯ ಓದಿ ಹೇಳಲಿ, ಅವ್ವ ಅಪ್ಪ ಅಜ್ಜಿ ಕೇಳಲಿ, ಮುಂದೇನಾಯಿತು ಎಂದು ಮಾರನೆಯ ದಿನ ನೀವೇ ವಿಚಾರಿಸಿ. ನೀತಿ ಏನು ಕಲಿತೆ ಎಂದು ಪರೀಕ್ಷೆ ಮಾತ್ರ ಮಾಡಬೇಡಿ. ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡುವ, ಹಿಡಿಸಿದ್ದನ್ನು ಮೂರು ಸಲ ಓದುವ ಸ್ವಾತಂತ್ರ್ಯ ಅವಳಿಗಿರಲಿ. ಅವಳ ಅಣ್ಣನೂ ಅದೇ ಪುಸ್ತಕ ಓದಲಿ. ಹುಡುಗಿಯೇ ಮುಂದಾಳಾಗಿರುವ ಕಥೆ ಗಂಡುಮಕ್ಕಳಿಗೂ ಅಷ್ಟೇ ಅಗತ್ಯ.

ರಜೆಗೆ ಮುಂಚಿನ ಶನಿವಾರ, ಬೆಳಗಿನ ತರಗತಿಗಳು ಮುಗಿದ ಮೇಲೆ, ಗ್ರಂಥಾಲಯದ ಪುಸ್ತಕಗಳನ್ನೆಲ್ಲ ನಲಿ-ಕಲಿ ಕೊಠಡಿಯ ಮೇಜುಗಳ ಮೇಲೆ ಹರಡಿಡುತ್ತೇವೆ. ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೂ ಇರುತ್ತಾರೆ. ನೀವು ಬಂದು ನೋಡಿ. ಎರಡರಲ್ಲಿ ಒಂದನ್ನು ನೀವು ಸೂಚಿಸಬಹುದು, ಇನ್ನೊಂದನ್ನು ಮಗಳೇ ಆರಿಸಬೇಕು. ಪುಸ್ತಕಗಳನ್ನು ರಜೆ ಮುಗಿದ ಮೊದಲ ವಾರದಲ್ಲಿ ಹಿಂದಿರುಗಿಸಿ. ಪುಟ ಹರಿದರೂ ಕಾಫಿ ಚೆಲ್ಲಿದರೂ ದಂಡವಿಲ್ಲ. ಕೆಡುತ್ತದೆಂಬ ಭಯದಿಂದ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ.

ವಂದನೆಗಳೊಂದಿಗೆ,
ಮುಖ್ಯ ಶಿಕ್ಷಕಿ