ಬೇಸ್ ಗಿಟಾರಿನ ತಂತಿ: ಮೊದಲ ದಿನದ ನಾದಕ್ಕೆ ಮರುಳಾಗದಿರಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ, ವಾದ್ಯಗಳ ಆರೈಕೆಯನ್ನು ಕುರಿತ ಬರಹದಲ್ಲಿ, ಬೇಸ್ ಗಿಟಾರಿನ ತಂತಿಗಳು ದಪ್ಪವಾಗಿರುವುದರಿಂದ ಅವು ತುಂಡಾಗುವ ತನಕ ಬದಲಿಸುವ ಅಗತ್ಯವಿಲ್ಲ ಎಂಬ ಒಂದು ಸಾಲು ಇತ್ತು. ಬರಹದ ಉಳಿದ ಭಾಗದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಬೇಸ್ ತಂತಿ ತುಂಡಾಗುವುದೇ ಅಪರೂಪ. ತುಂಡಾಗುವುದಕ್ಕೆ ಬಹಳ ಮೊದಲೇ ಅದರ ದನಿ ಸತ್ತಿರುತ್ತದೆ. ಮಂಗಳೂರಿನ ರಸಮಂಜರಿ ತಂಡಗಳಲ್ಲಿ, ಮದುವೆಯ ಆರತಕ್ಷತೆಗಳಲ್ಲಿ ಇಪ್ಪತ್ತು ವರ್ಷಗಳಿಂದ ಬೇಸ್ ನುಡಿಸುತ್ತಿರುವ ನಾನು ಈ ಸಾಲನ್ನು ಓದಿ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಬೇಸ್ ಎಂದರೆ ಗುಡುಗು, ಅದಕ್ಕೆ ಕಂಚಿನ ಕಂಠವೇಕೆ ಎಂದು ಕೇಳುವವರಿದ್ದಾರೆ. ನಾಲ್ಕು ತಂತಿಗಳಲ್ಲಿ ಅತಿ ದಪ್ಪದ್ದಾದ ‘ಇ’ ತಂತಿಯನ್ನು ಎಲ್ಲೂ ಒತ್ತದೆ ಮೀಟಿದಾಗ ಹೊರಡುವ ಮೂಲ ಸ್ವರದ ಕಂಪನ ಸೆಕೆಂಡಿಗೆ ಸುಮಾರು 41. ಊರ ಉತ್ಸವದ ಪೆಂಡಾಲಿನಲ್ಲಿ ಕಟ್ಟುವ ಕಹಳೆಯಂಥ ಸ್ಪೀಕರುಗಳಾಗಲಿ, ನಮ್ಮ ಜೇಬಿನಲ್ಲಿರುವ ಫೋನಾಗಲಿ ಅಷ್ಟು ತಗ್ಗಿನ ದನಿಯನ್ನು ಹೊರಡಿಸಲಾರವು. ಆದರೂ ಕೇಳುಗನಿಗೆ ಆ ಸ್ವರ ಕೇಳಿಸಿದಂತೆ ಅನ್ನಿಸುವುದು ಅದರ ಮೇಲೆ ಸಾಲಾಗಿ ಹೊರಡುವ 82, 124, 165 ಮುಂತಾದ ಉಪಸ್ವರಗಳಿಂದ. ಅವುಗಳನ್ನು ಹಿಡಿದು ಕಿವಿ ತಾನಾಗಿಯೇ ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ. ತಂತಿ ಹಳತಾದಂತೆ ಮೊದಲು ಅಳಿಯುವುದು ಈ ಉಪಸ್ವರಗಳೇ, ಅದರಲ್ಲೂ ಮೇಲಿನವು. ಹಾಗಾಗಿ ಮೈದಾನದ ಕೊನೆಯ ಸಾಲಿನಲ್ಲಿ ಕುಳಿತವನಿಗೆ ಬೇಸ್ ಕೇಳಬೇಕಾದರೆ ತಂತಿಯಲ್ಲಿ ಜೀವ ಇರಲೇಬೇಕು. ಇಲ್ಲದಿದ್ದರೆ ವಾದಕ ಆಂಪ್ಲಿಫೈಯರಿನ ತಿರುಪನ್ನು ಮೇಲೇರಿಸುತ್ತ ಹೋಗುತ್ತಾನೆ, ವೇದಿಕೆಯೆಲ್ಲ ಅದುರುತ್ತದೆ, ಸ್ವರ ಮಾತ್ರ ಯಾರಿಗೂ ತಿಳಿಯುವುದಿಲ್ಲ.

ತಂತಿ ಯಾಕೆ ಸಾಯುತ್ತದೆ ಎಂಬುದು ಅದರ ರಚನೆಯನ್ನು ನೋಡಿದರೆ ಅರ್ಥವಾಗುತ್ತದೆ. ಬೇಸಿನ ನಾಲ್ಕೂ ತಂತಿಗಳಲ್ಲಿ ಒಳಗೊಂದು ಉಕ್ಕಿನ ಎಳೆ ಇರುತ್ತದೆ, ಅದರ ಸುತ್ತ ಮತ್ತೊಂದು ತಂತಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಹೊರಗಿನ ತಂತಿ ದುಂಡಗಿದ್ದರೆ ಅದು ರೌಂಡ್‌ವೌಂಡ್, ಚಪ್ಪಟೆ ಪಟ್ಟಿಯಾಗಿದ್ದರೆ ಫ್ಲ್ಯಾಟ್‌ವೌಂಡ್. ದುಂಡು ಸುರುಳಿಗಳ ನಡುವಿನ ಸಂದಿಗಳಿಂದಲೇ ಬೆರಳಿಗೆ ಒರಟು ಹತ್ತುವುದು. ಬೆವರು, ಚರ್ಮದ ಹೊಟ್ಟು, ಜಿಡ್ಡು ಹೋಗಿ ಕೂರುವುದೂ ಅಲ್ಲಿಯೇ. ಈ ಕೊಳೆ ತಂತಿಯ ಉದ್ದಕ್ಕೂ ಸಮನಾಗಿ ಸೇರುವುದಿಲ್ಲ, ನಾವು ಹೆಚ್ಚು ಒತ್ತುವ ಜಾಗಗಳಲ್ಲಿ ಹೆಚ್ಚಾಗಿಯೂ ಉಳಿದೆಡೆ ಕಡಿಮೆಯಾಗಿಯೂ ಸೇರುತ್ತದೆ. ಆಗ ತಂತಿಯ ತೂಕ ಒಂದೊಂದು ಕಡೆ ಒಂದೊಂದು ರೀತಿಯಾಗಿ, ದನಿ ಮಂಕಾಗುವುದಲ್ಲದೆ ಶ್ರುತಿಯೂ ಕೆಡುತ್ತದೆ. ಒತ್ತದೆ ಮೀಟಿದಾಗ ತಂತಿ ಶ್ರುತಿಯಲ್ಲಿದ್ದರೂ ಹನ್ನೆರಡನೆಯ ಫ್ರೆಟ್ಟಿನಲ್ಲಿ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಯಲ್ಲಿ) ಅಪಸ್ವರ ಬರುತ್ತಿದೆ ಎಂದು ವಾದ್ಯವನ್ನು ರಿಪೇರಿಗೆ ಒಯ್ಯುವವರನ್ನು ನಾನು ಕಂಡಿದ್ದೇನೆ. ಹೊಸ ತಂತಿ ಹಾಕಿದರೆ ಎಷ್ಟೋ ಸಲ ರಿಪೇರಿಯ ಖರ್ಚೇ ಉಳಿಯುತ್ತದೆ.

ಮೇಲಿನ ಉಪಸ್ವರಗಳು ತುಂಬಿದ ಹೊಳಪಿನ ನಾದ ಬೇಕೆಂಬ ಆಸೆ ಈ ವಾದ್ಯದ ಜೊತೆಗೇ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದಾಗಿನಿಂದ ಹಲವು ವರ್ಷ ಎಲ್ಲರೂ ನುಡಿಸಿದ್ದು ಚಪ್ಪಟೆ ಸುತ್ತಿನ ತಂತಿಗಳನ್ನೇ. ಇಂಗ್ಲೆಂಡಿನಲ್ಲಿ 1966ರಲ್ಲಿ ‘ದಿ ಹೂ’ ಎಂಬ ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್ವಿಸಲ್ ಅವರು ತಂತಿ ತಯಾರಕರಾದ ರೋಟೊಸೌಂಡ್‌ನವರೊಡನೆ ಕುಳಿತು ತಮಗೆ ಬೇಕಾದ ಪಿಯಾನೊದಂಥ ನಾದಕ್ಕಾಗಿ ರೌಂಡ್‌ವೌಂಡ್ ತಂತಿಗಳನ್ನು ಹದಗೊಳಿಸಿದ ಮೇಲೆ ರಾಕ್ ಸಂಗೀತದ ಬೇಸಿನ ದನಿಯೇ ಬದಲಾಯಿತು. ಇದಕ್ಕೆ ತದ್ವಿರುದ್ಧವಾಗಿ, ಅಮೆರಿಕದ ಮೋಟೌನ್ ಎಂಬ ಧ್ವನಿಮುದ್ರಣ ಕಂಪನಿಯ ಹಾಡುಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ಅವರು ದಪ್ಪ ಫ್ಲ್ಯಾಟ್‌ವೌಂಡ್ ತಂತಿಗಳನ್ನು ವರ್ಷಗಟ್ಟಲೆ ಬದಲಿಸುತ್ತಲೇ ಇರಲಿಲ್ಲ ಎಂಬುದು ಪ್ರಸಿದ್ಧ. ತಮ್ಮ ಬರಹಗಾರರ ಮನಸ್ಸಿನಲ್ಲಿ ಬಹುಶಃ ಇದೇ ಉದಾಹರಣೆ ಇದ್ದಿರಬೇಕು. ಆದರೆ ಆ ಗುಂಡಗಿನ, ಮೆತ್ತನೆಯ ದನಿ ಅವರು ಬೇಕೆಂದೇ ಆರಿಸಿಕೊಂಡದ್ದು. ರೌಂಡ್‌ವೌಂಡ್ ತಂತಿಯನ್ನು ಕೊಳೆಯಲು ಬಿಟ್ಟರೆ ಅದು ಸಿಗುವುದಿಲ್ಲ.

ಇನ್ನು ಲೋಹದ ವಿಷಯ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ನಿಕ್ಕಲ್ ಲೇಪಿತ ಉಕ್ಕಿನ ಸೆಟ್ಟು. ಅದರ ನಾದ ಹಿತಮಿತವಾಗಿದೆ, ಬೆರಳಿಗೂ ನಯ. ಸ್ಟೇನ್‌ಲೆಸ್ ಸ್ಟೀಲಿನ ಸುತ್ತಿರುವ ತಂತಿ ಇದಕ್ಕಿಂತ ಪ್ರಖರ, ಮುಟ್ಟಿದರೆ ಒರಟು. ಶುದ್ಧ ನಿಕ್ಕಲ್ ಸುತ್ತಿನದು ಮೃದುವಾದ ಹಳೆಯ ಕಾಲದ ದನಿಯದು, ನಮ್ಮ ಚರ್ಚೆಗೆ ಅದು ಬೇಡ. ತಂಬೂರಿಯ ಮಂದ್ರಕ್ಕೆ ಹಿತ್ತಾಳೆ ಅಥವಾ ಕಂಚಿನ ತಂತಿ ಕಟ್ಟುವ ನಮಗೆ ಬೇಸಿಗೂ ಅಂಥದ್ದನ್ನೇ ಕಟ್ಟಿದರೇನು ಎಂದು ತೋರುವುದು ಸಹಜ. ಅಕೌಸ್ಟಿಕ್ ಬೇಸಿಗೆ ಕಂಚಿನ ಸುತ್ತಿನ ತಂತಿಗಳು ಇವೆ ಕೂಡ. ಆದರೆ ವಿದ್ಯುತ್ ಬೇಸಿನಲ್ಲಿ ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಪಿಕಪ್ ಕೆಲಸ ಮಾಡುವುದು ಅಯಸ್ಕಾಂತದಿಂದ. ಕಂಚು ಅದಕ್ಕೆ ಸ್ಪಂದಿಸದೆ ಒಳಗಿನ ಉಕ್ಕಿನ ಎಳೆಯೊಂದೇ ದುಡಿಯಬೇಕಾಗಿ ಬಂದು ದನಿ ಬಡವಾಗುತ್ತದೆ.

ನಾನು ಕಲಿಯುವ ಕಾಲದಲ್ಲಿ ಹಾಕುತ್ತಿದ್ದುದು ನಿಕ್ಕಲ್ ಲೇಪದ ತಂತಿಯನ್ನೇ. ಒಳನಾಡಿನ ಗೆಳೆಯರಿಗೆ ಎರಡು ಮೂರು ತಿಂಗಳು ಬಾಳುತ್ತಿದ್ದ ಸೆಟ್ಟು ನನ್ನ ಬೆವರು ಕೈಗೆ, ಜೂನ್ ಜುಲೈ ತಿಂಗಳ ತೇವಕ್ಕೆ, ಕಡಲ ಗಾಳಿಯ ಉಪ್ಪಿಗೆ ಸಿಕ್ಕಿ ಎರಡೇ ವಾರದಲ್ಲಿ ಕಪ್ಪಿಡುತ್ತಿತ್ತು. ಫ್ರೆಟ್ಟಿಗೆ ತಾಗಿ ಲೇಪ ಸವೆದ ಕಡೆಯಲ್ಲೆಲ್ಲ ಒಳಗಿನ ಉಕ್ಕು ತುಕ್ಕು ಹಿಡಿಯುತ್ತಿತ್ತು. ಸ್ಟೇನ್‌ಲೆಸ್‌ಗೆ ಬದಲಾದ ಮೇಲೆ ತುಕ್ಕಿನ ಕಾಟ ಬಹುಮಟ್ಟಿಗೆ ತಪ್ಪಿತು. ಸಂದಿಗಳಲ್ಲಿ ಕೊಳೆ ಕೂರುವುದು ಮಾತ್ರ ತಪ್ಪಲಿಲ್ಲ. ಮೊದಲ ದಿನ ಕಣ್ಣು ಕೋರೈಸುವಂಥ ನಾದ, ಮೂರನೆಯ ವಾರಕ್ಕೆ ಅದರ ಅರ್ಧವೂ ಇಲ್ಲ. ಅನಂತರ, ಲೋಹದ ಲೇಪವಲ್ಲದೆ ಕೊಳೆ, ತುಕ್ಕು ತಡೆಯುವ ಹೊದಿಕೆಯಿರುವ ‘ಕೋಟೆಡ್’ ತಂತಿಗಳನ್ನು ಪ್ರಯೋಗಿಸಿದೆ. ಗೋರ್ ಕಂಪನಿಯ ಎಲಿಕ್ಸಿರ್ ತಂತಿಗಳಲ್ಲಿ, ಸುತ್ತಿ ಮುಗಿದ ಇಡೀ ತಂತಿಯ ಮೇಲೆ ಟೆಫ್ಲಾನ್ ಜಾತಿಯ ತೆಳು ಪೊರೆಯೊಂದನ್ನು ಹೊದಿಸಿರುತ್ತಾರೆ. ಹೀಗಾಗಿ ಕೊಳೆ ಸಂದಿಗೆ ಇಳಿಯುವುದೇ ಕಷ್ಟ. ಮತ್ತೆ ಕೆಲವು ತಯಾರಕರು ಸುತ್ತುವ ಮೊದಲೇ ತಂತಿಗೆ ಲೇಪ ಕೊಡುತ್ತಾರೆ. ಅದರಿಂದ ತುಕ್ಕು ತಡೆಯುತ್ತದೆ, ಸಂದಿಗಳು ಮಾತ್ರ ತೆರೆದೇ ಇರುತ್ತವೆ. ಪೊಟ್ಟಣದ ಮೇಲೆ ಎರಡಕ್ಕೂ ‘ಕೋಟೆಡ್’ ಎಂಬ ಒಂದೇ ಮಾತು ಅಚ್ಚಾಗಿರುವುದರಿಂದ ಕೊಳ್ಳುವವರು ಅಂಗಡಿಯವರನ್ನು ಕೇಳಿ ತಿಳಿದುಕೊಳ್ಳಬೇಕು, ಅಥವಾ ತಂತಿಯ ಮೇಲೆ ಉಗುರೆಳೆದು ಜಾರುತ್ತದೆಯೋ ಕೆರೆಯುತ್ತದೆಯೋ ನೋಡಬೇಕು.

ಪೂರ್ತಿ ಹೊದಿಕೆಯ ತಂತಿಯ ಮೊದಲ ದಿನದ ನಾದ ಹೊಚ್ಚಹೊಸ ಸ್ಟೇನ್‌ಲೆಸ್ ತಂತಿಯ ನಾದಕ್ಕಿಂತ ಒಂದು ಮೆಟ್ಟಿಲು ಕೆಳಗೇ ಇದೆ, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದು ಆ ಮೆಟ್ಟಿಲಿನಲ್ಲೇ ತಿಂಗಳುಗಟ್ಟಲೆ ನಿಲ್ಲುತ್ತದೆ. ಅಂಗಡಿಯಲ್ಲಿ ಹೊಸ ತಂತಿಯನ್ನು ಮೀಟಿ ‘ಆಹಾ’ ಎಂದು ಕೊಳ್ಳುವವರು ಮರೆಯುವುದು ಇದನ್ನೇ. ನಾವು ಜನರೆದುರು ನುಡಿಸುವ ದಿನಗಳಲ್ಲಿ ಹೆಚ್ಚಿನವು ತಂತಿಯ ಮೂವತ್ತನೆಯ ದಿನ, ನಲವತ್ತನೆಯ ದಿನ. ಅಂದು ಯಾವುದು ಹೆಚ್ಚು ಹೊಳೆಯುತ್ತದೆಯೋ ಅದೇ ಹೊಳಪಿನ ತಂತಿ. ಕೈ ಬೆವರುವವರು, ಕರಾವಳಿಯಲ್ಲಿ ಇರುವವರು, ಬೆರಳಿನಿಂದಷ್ಟೇ ಮೀಟುವವರು ಹೆಚ್ಚುಕಡಿಮೆ ಎರಡು ಪಟ್ಟು ಬೆಲೆ ತೆತ್ತಾದರೂ ಪೂರ್ತಿ ಹೊದಿಕೆಯ ತಂತಿ ಕೊಳ್ಳುವುದು ಲಾಭ. ಕೈ ಒಣಗಿರುವ, ಬಯಲುಸೀಮೆಯ ವಾದಕರು ಸ್ಟೇನ್‌ಲೆಸ್ ಹಾಕಿಕೊಂಡು ಸುಖವಾಗಿರಬಹುದು. ಪ್ಲೆಕ್ಟ್ರಮ್ ಎಂಬ ಮೀಟುಬಿಲ್ಲೆಯಿಂದ ನುಡಿಸುವವರ, ಹೆಬ್ಬೆರಳಿನಿಂದ ಬಡಿದು ಸ್ಲ್ಯಾಪ್ ಮಾಡುವವರ ಕೈಯಲ್ಲಿ ಹೊದಿಕೆ ನಾರುನಾರಾಗಿ ಏಳುತ್ತದೆ, ಅಂಥವರಿಗೂ ಸ್ಟೇನ್‌ಲೆಸ್ಸೇ ಸರಿ. ಅವರು ಒಂದು ಬೆಲೆ ತೆರಬೇಕಾಗುತ್ತದೆ: ಫ್ರೆಟ್ಟುಗಳನ್ನು ಮಾಡುವುದು ನಿಕ್ಕಲ್ ಸಿಲ್ವರ್ ಎಂಬ, ಹೆಸರಿನಲ್ಲಲ್ಲದೆ ಬೇರೆಲ್ಲೂ ಬೆಳ್ಳಿಯಿಲ್ಲದ ಮಿಶ್ರಲೋಹದಿಂದ, ಗಡಸು ಸ್ಟೇನ್‌ಲೆಸ್ ಅದನ್ನು ಬೇಗ ಸವೆಸುತ್ತದೆ.

ದಪ್ಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗುಲದ ಸಾವಿರದ ಭಾಗಗಳಲ್ಲಿ 45, 65, 85, 105 ಅಥವಾ 45, 65, 80, 100 ಎಂದಿರುವ ಸೆಟ್ಟುಗಳು ಮಿಡಿಯುವ ತಂತಿಯ ಉದ್ದ 34 ಅಂಗುಲ ಇರುವ ಸಾಮಾನ್ಯ ಬೇಸಿಗೆ ಹೊಂದುತ್ತವೆ.

ಆರೈಕೆಯಲ್ಲಿ ಮೂರು ಕಾಸಿನ ಬಟ್ಟೆಯೇ ದೊಡ್ಡ ಮದ್ದು. ನುಡಿಸುವ ಮೊದಲು ಕೈ ತೊಳೆದು, ಮುಗಿದೊಡನೆ ಪ್ರತಿ ತಂತಿಯನ್ನೂ ಅಡಿಯಿಂದಲೂ ಸೇರಿಸಿ ಒರೆಸಿಟ್ಟರೆ ಅದರ ಆಯುಸ್ಸು ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಸತ್ತ ತಂತಿಯನ್ನು ನೀರಿನಲ್ಲಿ ಕುದಿಸಿ ಎಬ್ಬಿಸುವ ಪದ್ಧತಿ ನಮ್ಮವರಲ್ಲಿ ಇದೆ. ನಾನೂ ಅಮ್ಮನ ಅಡುಗೆಮನೆಯ ಪಾತ್ರೆಯಲ್ಲಿ ಕುದಿಸಿ ಬೈಸಿಕೊಂಡವನೇ. ದನಿ ಮರಳುವುದು ನಿಜ, ಆದರೆ ಕೆಲವು ದಿನಗಳ ಮಟ್ಟಿಗೆ, ಒಳಗೆ ಉಳಿದ ನೀರಿನಿಂದ ಉಕ್ಕಿನ ಎಳೆಗೆ ತುಕ್ಕು ಬೇರೆ. ಇಂಥ ಹೊದಿಕೆಯಿಲ್ಲದ ತಂತಿಗಳನ್ನು ಬಿಚ್ಚಿ, ಎರಡೂ ಕಡೆ ಮುಚ್ಚಳವಿರುವ ಪಿವಿಸಿ ಪೈಪಿನಲ್ಲಿ ಸ್ಪಿರಿಟ್ ತುಂಬಿ, ಬೆಂಕಿಯಿಂದ ದೂರದಲ್ಲಿ ಒಂದು ರಾತ್ರಿ ನೆನೆಸಿಡುವುದು ಇದಕ್ಕಿಂತ ಎಷ್ಟೋ ಮೇಲು: ಜಿಡ್ಡು ಬಿಡುತ್ತದೆ, ಸ್ಪಿರಿಟ್ ತಾನಾಗಿ ಆರುತ್ತದೆ. ಹೊಸ ತಂತಿ ಕಟ್ಟುವಾಗ ಉಳಿದ ತುದಿಯನ್ನು ಕತ್ತರಿಸುವ ಮೊದಲು ಆ ಜಾಗದಲ್ಲಿ ನೆಟ್ಟಗೆ ಮಡಿಸಬೇಕು. ಮಡಿಸದೆ ಕತ್ತರಿಸಿದ್ದರಿಂದ ಸುತ್ತು ಸಡಿಲಗೊಂಡು, ಹೊಸದಾದ ‘ಇ’ ತಂತಿಯೊಂದು ಕಟ್ಟಿದ ಗಳಿಗೆಯಲ್ಲೇ ಹಲಗೆ ಬಡಿದಂತೆ ಮಾತಾಡಿದ್ದು ನನಗೆ ನೆನಪಿದೆ. ತಯಾರಕರನ್ನು ಒಂದು ವಾರ ಬೈದ ಮೇಲೆ ತಪ್ಪು ನನ್ನದೆಂದು ತಿಳಿಯಿತು.

ಕೊನೆಯದಾಗಿ ನಮ್ಮ ವಾದ್ಯಗಳ ಅಂಗಡಿಯವರಲ್ಲಿ ಒಂದು ವಿನಂತಿ. ಪೊಟ್ಟಣ ಒಡೆದ ತಂತಿಗಳನ್ನು ಗೋಡೆಗೆ ತೂಗುಹಾಕಿ ಹೊಸದೆಂದು ಮಾರಬೇಡಿ. ಇಲ್ಲಿನ ಹವೆಯಲ್ಲಿ ಅವು ಗೋಡೆಯ ಮೇಲೆಯೇ ಮುಪ್ಪಾಗಿರುತ್ತವೆ. ಅಂಥದ್ದೊಂದು ಸೆಟ್ಟನ್ನು ಪೂರ್ತಿ ಬೆಲೆ ಕೊಟ್ಟು ತಂದು, ಮೊದಲ ಹಾಡಿಗೇ ಅದರ ವಯಸ್ಸು ತಿಳಿದು ಮೋಸ ಹೋದದ್ದುಂಟು. ಜೊತೆಗೆ, ಕೆಲವು ತಯಾರಕರು ಬಿಡಿ ತಂತಿಗಳನ್ನೂ ಮಾರುತ್ತಾರೆ, ನಮ್ಮಲ್ಲಿ ಮಾತ್ರ ಅವನ್ನು ತರಿಸುವವರು ವಿರಳ. ನಾಲ್ಕರಲ್ಲಿ ಬಹುತೇಕ ಮೊದಲು ಸಾಯುವುದು ದಪ್ಪನೆಯ ‘ಇ’ ತಂತಿ. ಅದೊಂದಕ್ಕಾಗಿ ಚೆನ್ನಾಗಿರುವ ಮೂರನ್ನೂ ಬಿಸಾಡಿ ಇಡೀ ಸೆಟ್ಟು ಕೊಳ್ಳಬೇಕಾದ ಸ್ಥಿತಿ, ಕಾರ್ಯಕ್ರಮವೊಂದಕ್ಕೆ ಸಿಗುವ ಸಂಭಾವನೆಯಲ್ಲಿ ಬದುಕುವ ವಾದಕನಿಗೆ ಹೊರೆಯೇ ಸರಿ. ಬಿಡಿ ‘ಇ’ ತಂತಿಗಳನ್ನು ನಾಲ್ಕಾರಾದರೂ ತರಿಸಿಟ್ಟರೆ ಕೊಳ್ಳುವವರು ಇದ್ದೇ ಇದ್ದೇವೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಬೇಸ್ ಗಿಟಾರ್ ವಾದಕ
ಮಂಗಳೂರು