ಸೀಟಿನ ಕೆಳಗೆ ಪ್ಲೈವುಡ್ ಬೇಡ

ಮಾನ್ಯರೇ,

ಹಳೆಯ ಕಾರುಗಳ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಬಣ್ಣ, ಕ್ರೋಮ್, ಎಂಜಿನ್ ಎಲ್ಲದರ ಬಗ್ಗೆಯೂ ಇತ್ತು. ಆದರೆ ಕೂರುವ ಸೀಟಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು 1966ರ ಸ್ಟ್ಯಾಂಡರ್ಡ್ ಹೆರಾಲ್ಡ್. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡನ್ನೇ 1961ರಿಂದ ಮದ್ರಾಸಿನಲ್ಲಿ ಆ ಹೆಸರಿಟ್ಟು ತಯಾರಿಸುತ್ತಿದ್ದರು. ಅಪ್ಪ 1974ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಮೂರು ವರ್ಷದ ಹಿಂದೆ ಅದರ ಮುಂದಿನ ಸೀಟು ಎಷ್ಟು ಕುಸಿದಿತ್ತೆಂದರೆ, ಕೂತ ಅಮ್ಮನನ್ನು ಇಬ್ಬರು ಹಿಡಿದು ಎಬ್ಬಿಸಬೇಕಿತ್ತು. ಸೀಟು ಹೊಲಿಯುವ ಅಂಗಡಿಯೊಂದಕ್ಕೆ ಕೊಟ್ಟೆ. ಹೊಸ ಫೋಮ್, ಹೊಸ ರೆಕ್ಸಿನ್, ನೋಡಲು ಚೆಂದವಿತ್ತು. ಮುಂದಿನ ಸೋಮವಾರ ನಂಜನಗೂಡಿಗೆ ಹೋಗಿ ಬಂದೆವು. ಅಮ್ಮ ಎರಡು ದಿನ ಸೊಂಟ ಹಿಡಿದುಕೊಂಡು ಮಲಗಿದರು. "ಹಲಗೆ ಮೇಲೆ ಕೂತ ಹಾಗಿತ್ತು ಕಣೋ" ಅಂದರು.

ಸೀಟು ಬಿಚ್ಚಿ ತಲೆಕೆಳಗು ಮಾಡಿ ನೋಡಿದೆ. ನಿಜಕ್ಕೂ ಹಲಗೆಯೇ! ಫೋಮಿನ ಕೆಳಗೆ ಒಂದು ತುಂಡು ಪ್ಲೈವುಡ್. ಅದರ ಕೆಳಗೆ ಹಳೆಯ ರಬ್ಬರ್ ಪಟ್ಟಿಗಳು ಬಿರುಕು ಬಿಟ್ಟು ಇನ್ನೂ ಜೋತಾಡುತ್ತಿದ್ದವು.

ಈ ಪಟ್ಟಿಯೇ ಸೀಟಿನ ಸ್ಪ್ರಿಂಗ್. ಇಟಲಿಯ ಪಿರೆಲ್ಲಿ ಕಂಪನಿಯ ಹೆಸರಿನಿಂದಲೇ ಇದನ್ನು ಗುರುತಿಸುತ್ತಾರೆ. ಎರಡು ಪದರ ನೂಲಿನ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ, ರಬ್ಬರಿನೊಂದಿಗೆ ಸೇರಿಸಿ ಅಂಟಿಸಿರುತ್ತಾರೆ. ಓರೆ ನೂಲು ಇರುವುದರಿಂದ ಪಟ್ಟಿ ಹಿಗ್ಗುತ್ತದೆ, ಒಂದು ಮಿತಿಗೆ ಬಂದು ನಿಲ್ಲುತ್ತದೆ. ಬಿಸಿಲು, ಎಣ್ಣೆ, ವಯಸ್ಸು ಸೇರಿ ರಬ್ಬರನ್ನು ತಿನ್ನುತ್ತವೆ. ಆಗ ಬೇಕಿರುವುದು ಹೊಸ ಪಟ್ಟಿಯೇ. ಹಲಗೆಯಾಗಲಿ, ಮಂಚದ ನವಾರಾಗಲಿ ಹಿಗ್ಗುವುದಿಲ್ಲ, ಗುಂಡಿಯ ಏಟು ನೇರ ಬೆನ್ನಿಗೇ ಬೀಳುತ್ತದೆ.

ಅಣ್ಣನ ಮಗಳು ಇರುವುದು ಕವೆಂಟ್ರಿಯಲ್ಲಿ, ಟ್ರಯಂಫ್ ಕಾರುಗಳ ತವರೂರಿನಲ್ಲಿ. ರಜೆಗೆ ಬರುವಾಗ ಎರಡಿಂಚು ಅಗಲದ ಒಂದು ಸುರುಳಿ ತಂದುಕೊಟ್ಟಳು. ಐಟಿಐನಲ್ಲಿ ಫಿಟ್ಟರ್ ಪಾಠ ಹೇಳಿದ ಕೈ, ನಾನೇ ಕೂತೆ. ಹಳೆಯ ಪಟ್ಟಿಯನ್ನು ಅಳತೆಗೆ ಇಟ್ಟುಕೊಳ್ಳಬೇಡಿ, ಅದು ಆಗಲೇ ಉದ್ದವಾಗಿರುತ್ತದೆ. ಫ್ರೇಮಿನ ಒಂದು ಕಡೆ ಪಟ್ಟಿ ಸಿಕ್ಕಿಸುವ ಸೀಳಿನಿಂದ ಎದುರಿನ ಸೀಳಿಗೆ ಅಳೆದು, ನೂರಕ್ಕೆ ಹತ್ತರಷ್ಟು ಕಡಿಮೆ ಇಡಬೇಕು. ನಮ್ಮ ಸೀಟಿನಲ್ಲಿ 40 ಸೆಂ.ಮೀ. ಬಂತು, ಕ್ಲಿಪ್ ಸೇರಿ 36ಕ್ಕೆ ಮಾಡಿದೆ. ತುದಿಯ ಉಕ್ಕಿನ ಕ್ಲಿಪ್ಪನ್ನು, ಕಬ್ಬಿಣದ ದವಡೆಯಲ್ಲಿ ಬಿಗಿಹಿಡಿಯುವ ಬೆಂಚ್ ವೈಸಿನಲ್ಲಿ ಒತ್ತಿದರೆ ಗಟ್ಟಿಯಾಗಿ ಕಚ್ಚುತ್ತದೆ. ಸುತ್ತಿಗೆಯಲ್ಲಿ ಬಡಿದರೆ ಓರೆಯಾಗಿ ಕೂತು ಆಮೇಲೆ ಕಿತ್ತು ಬರುತ್ತದೆ. ತುಕ್ಕು ಹಿಡಿದ ಸೀಳಿನ ಅಂಚನ್ನು ಮೊದಲೇ ಅರದಿಂದ ಉಜ್ಜಿ ಬಣ್ಣ ಹಚ್ಚಿದ್ದೆ. ಎಳೆದು ಸಿಕ್ಕಿಸುವಾಗ ಮಾತ್ರ ಇಬ್ಬರು ಬೇಕು. ಹೆಂಡತಿ ಫ್ರೇಮ್ ಒತ್ತಿ ಹಿಡಿದಳು, ನಾನು ಇಕ್ಕಳದಲ್ಲಿ ಎಳೆದೆ. ಪಟ್ಟಿಗಳ ಮೇಲೆ ಒಂದು ಕೋರಾ ಬಟ್ಟೆ ಹಾಸಿ ಫೋಮ್ ಇಟ್ಟೆ. ಬಟ್ಟೆ ಇಲ್ಲದಿದ್ದರೆ ಪಟ್ಟಿಯ ಅಂಚು ಫೋಮನ್ನು ತಿಂದುಹಾಕುತ್ತದೆ.

ಅಮ್ಮನಿಗೆ ಈಗ 82. ಈಗ ಕೂತಲ್ಲಿಂದಲೇ ಗಾಜಿನಾಚೆ ರಸ್ತೆ ಕಾಣುತ್ತದೆ, ಇಳಿಯುವಾಗ ಬಾಗಿಲು ಹಿಡಿದು ತಾವೇ ಏಳುತ್ತಾರೆ.

ಸೀಟು ಹೊಲಿಯುವವರಲ್ಲಿ ನನ್ನದೊಂದು ಬೇಡಿಕೆ. ಹಲಗೆ ಇಡುವ ಮೊದಲು ಕಾರಿನವರಿಗೆ ಒಂದು ಮಾತು ಹೇಳಿ. ಸುಮ್ನೆ ಮುಚ್ಚಿಬಿಟ್ಟರೆ ನಮಗೆ ಗೊತ್ತಾಗುವುದು ಹೇಗೆ? ಹಳೆ ಕಾರು ಕೊಳ್ಳುವವರೂ ಬಾನೆಟ್ ಎತ್ತಿ ನೋಡುವ ಹಾಗೆ ಸೀಟಿನ ಅಡಿಗೂ ಒಮ್ಮೆ ಕೈ ಹಾಕಿ ನೋಡಲಿ.

ನನ್ನ ಬಳಿ ಇನ್ನೂ ನಾಲ್ಕು ಮೀಟರ್‌ನಷ್ಟು ಪಟ್ಟಿ ಉಳಿದಿದೆ. ಒಂದು ಸೀಟಿಗೆ ಧಾರಾಳ ಸಾಕು. ಮೈಸೂರಿನಲ್ಲಿ ಹೆರಾಲ್ಡ್ ಇಟ್ಟುಕೊಂಡವರು ನಿಮ್ಮ ಕಚೇರಿಗೆ ಬರೆದರೆ ದಯವಿಟ್ಟು ನನಗೆ ತಲುಪಿಸಿ. ಪಟ್ಟಿಯನ್ನೂ ಕೊಡುತ್ತೇನೆ, ವೈಸ್ ನಮ್ಮ ಮನೆಯಲ್ಲೇ ಇದೆ.

ನಿವೃತ್ತ ಐಟಿಐ ಬೋಧಕ, ಮೈಸೂರು